ಸೊಟ್ಟ ಬೆನ್ನು, ಜೊಳ್ಳು ಮೊಟ್ಟೆ, ತಿರುಗುವ ತಲೆ: ತಪ್ಪು ಕಾವು ಪೆಟ್ಟಿಗೆಯದೋ, ಸಂಬಂಧದ್ದೋ?

2019ರ ಬೇಸಿಗೆಯಲ್ಲಿ ನಮ್ಮ ಮನೆಯ ಕಾರ್ನ್ ಹಾವು 18 ಮೊಟ್ಟೆ ಇಟ್ಟಿತು. ನಾಲ್ಕು ಜೊಳ್ಳು. ಮೂರರಲ್ಲಿ ಮರಿ ಪೂರ್ತಿ ಬೆಳೆದು ಒಳಗೇ ಸತ್ತಿತ್ತು. ಹೊರಬಂದದ್ದು 11. ಅವುಗಳಲ್ಲಿ ಒಂದಕ್ಕೆ ಬೆನ್ನು ಎರಡು ಕಡೆ ಸೊಟ್ಟ. ಇನ್ನು ಮೂರು ಮರಿಗಳು ತಲೆಯನ್ನು ಆಕಾಶದ ಕಡೆ ತಿರುಗಿಸಿ, ತಿರುಗಿಸಿ, ಕೊನೆಗೆ ಅಂಗಾತ ಬೀಳುತ್ತಿದ್ದವು. ಎಬ್ಬಿಸಿದರೆ ಮತ್ತೆ ಅದೇ.

ಹಾವು ಸಾಕುವ ಗೆಳೆಯರಿಗೆ ವಿಡಿಯೋ ಕಳಿಸಿದೆ. ಅರ್ಧ ಜನ ‘ಇನ್‌ಬ್ರೀಡಿಂಗ್’, ಅಂದರೆ ಹತ್ತಿರದ ಸಂಬಂಧದಲ್ಲೇ ಕೂಡಿಸಿದ್ದರ ಫಲ ಅಂದರು. ಇನ್ನರ್ಧ ಜನ ‘ಇನ್‌ಕ್ಯುಬೇಟರ್ ಬಿಸಿ ಜಾಸ್ತಿಯಾಗಿದೆ’ ಅಂದರು. ನಾಲ್ಕು ತಿಂಗಳು ಹುಡುಕಿದ ಮೇಲೆ ಗೊತ್ತಾಯಿತು, ಒಂದೇ ಕಂತಿನಲ್ಲಿ (ಒಂದು ಸಲ ಇಟ್ಟ ಮೊಟ್ಟೆಗಳಲ್ಲಿ) ಎರಡು ಬೇರೆ ಬೇರೆ ದೋಷಗಳು ಸೇರಿಕೊಂಡಿದ್ದವು. ಒಂದೇ ಕಾರಣ ಹುಡುಕಿದ್ದರೆ ಎರಡೂ ಸಿಗುತ್ತಿರಲಿಲ್ಲ. ಆ ಹುಡುಕಾಟ ಹೇಗೆ ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ. ಕಾರ್ನ್ ಹಾವು ಇಲ್ಲಿನದೇ ಹಾವು. ವಿಷವಿಲ್ಲ, ಇಲಿ ತಿನ್ನುತ್ತದೆ. ಊರಲ್ಲಿರುವವರು ಒಂದು ಮಾತು ನೆನಪಿಡಿ. ಕೇರೆಯಾಗಲಿ, ಹೆಬ್ಬಾವಾಗಲಿ, ನಮ್ಮ ನಾಡಿನ ಹಾವನ್ನು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಹೊರದೇಶದ ಬಾಲ್ ಪೈಥಾನ್ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಮೊದಲು ಕಾವು ಪೆಟ್ಟಿಗೆ

ಸಂಬಂಧದ ಮೇಲೆ ತಪ್ಪು ಹೊರಿಸುವ ಮುಂಚೆ ಬಿಸಿಯನ್ನು ನೋಡಿ. ಅದು ಸುಲಭ, ಒಂದೇ ದಿನದಲ್ಲಿ ಮುಗಿಯುತ್ತದೆ.

ಕಾರ್ನ್ ಹಾವಿನ ಮೊಟ್ಟೆಗೆ 26ರಿಂದ 29 ಡಿಗ್ರಿ ಸೆಲ್ಸಿಯಸ್ ಸಾಕು. 28ರ ಹತ್ತಿರ ಇಟ್ಟರೆ ಸುಮಾರು 60 ದಿನಕ್ಕೆ ಒಡೆಯುತ್ತವೆ. ಬಾಲ್ ಪೈಥಾನ್‌ಗೆ 31-32 ಬೇಕು. ಆ ಬಿಸಿಯಲ್ಲಿ ಕಾರ್ನ್ ಮೊಟ್ಟೆ ಇಟ್ಟರೆ ಬೆನ್ನು ಸೊಟ್ಟಗಾಗುವ ಅಪಾಯ ಇದೆ. ಎರಡೂ ಜಾತಿಯನ್ನು ಸಾಕುವವರು ಒಂದೇ ಪೆಟ್ಟಿಗೆಯಲ್ಲಿ ಇಡುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಥರ್ಮೋಸ್ಟಾಟ್ ತೋರಿಸುವ ಸಂಖ್ಯೆಯನ್ನು ನಂಬಬೇಡಿ. ಅದು ತನ್ನ ತಂತಿಯ ತುದಿ ಇರುವ ಜಾಗದ ಬಿಸಿಯನ್ನಷ್ಟೇ ಹೇಳುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅದು 28 ತೋರಿಸುತ್ತಿತ್ತು. ತಾಪಮಾನ ಬರೆದಿಡುವ ಚಿಕ್ಕ ಲಾಗರ್ ಒಂದನ್ನು ಹೀಟರ್ ಪಕ್ಕದ ಗೋಡೆಗೆ ಅಂಟಿಸಿ ಒಂದು ವಾರ ಬಿಟ್ಟೆ. ಅಲ್ಲಿ ಮಧ್ಯಾಹ್ನದ ಹೊತ್ತು 32 ಮುಟ್ಟುತ್ತಿತ್ತು.

ಇನ್ನು ಯಾವ ಮರಿ ಯಾವ ಮೊಟ್ಟೆಯಿಂದ ಬಂತು ಅನ್ನುವುದು ಮುಖ್ಯ. ನಾನು ಮೊಟ್ಟೆಗಳ ನೆತ್ತಿಗೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿರುತ್ತೇನೆ. ಹಾವಿನ ಮೊಟ್ಟೆಯನ್ನು ಇಟ್ಟ ಮಾರನೇ ದಿನದಿಂದ ಹೊರಳಿಸಬಾರದು, ಹೊರಳಿಸಿದರೆ ಒಳಗಿನ ಜೀವ ಸಾಯಬಹುದು. ಅದಕ್ಕೇ ಈ ಗುರುತು. ಈ ಸಲ ಅದು ಇನ್ನೊಂದಕ್ಕೂ ಉಪಯೋಗವಾಯಿತು. ಸೊಟ್ಟ ಬೆನ್ನಿನ ಮರಿ, ಒಳಗೇ ಸತ್ತ ಮೂರರಲ್ಲಿ ಎರಡು, ಈ ಮೂರೂ ಹೀಟರ್ ಪಕ್ಕದ ಸಾಲಿನವು. ತಲೆ ತಿರುಗಿಸುವ ಮರಿಗಳು ಮಾತ್ರ ಪೆಟ್ಟಿಗೆಯ ಮೂರು ಬೇರೆ ಮೂಲೆಗಳಿಂದ ಬಂದಿದ್ದವು.

ಬಿಸಿಯ ತಪ್ಪಾದರೆ ಅದಕ್ಕೆ ಜಾಗದ ಗುರುತು ಇರುತ್ತದೆ. ಒಂದು ಕಡೆ ಗುಂಪಾಗಿ ಕಾಣುತ್ತದೆ, ಇಲ್ಲವೇ ಇಡೀ ಕಂತನ್ನೇ ಹಿಡಿಯುತ್ತದೆ. ಮರಿಗಳು ಲೆಕ್ಕಕ್ಕಿಂತ ಬೇಗ ಹೊರಬರುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಬೇರೆ ಹೆಣ್ಣಿನ ಮೊಟ್ಟೆಗಳೂ ಇದ್ದರೆ ಅವೂ ಕೆಡುತ್ತವೆ. ಜೀನಿನ ತಪ್ಪಿಗೆ ಜಾಗ ಗೊತ್ತಿಲ್ಲ. ಅದು ಚೆಲ್ಲಾಪಿಲ್ಲಿ.

ಜೊಳ್ಳು ಮೊಟ್ಟೆ ಏನು ಹೇಳುತ್ತದೆ

ಹಳದಿ ಬಣ್ಣ, ಚಿಕ್ಕ ಗಾತ್ರ, ಗಟ್ಟಿ. ಇಂಥದ್ದನ್ನು ಇಲ್ಲಿನವರು ಸ್ಲಗ್ ಅನ್ನುತ್ತಾರೆ. ಗಂಡಿನ ಬೀಜ ತಲುಪಲೇ ಇಲ್ಲ ಅಂತ ಅರ್ಥ. ಮೊದಲ ಸಲ ಮೊಟ್ಟೆ ಇಡುವ ಹೆಣ್ಣು, ತೀರಾ ಎಳೆಯ ಗಂಡು, ಚಳಿಗಾಲದ ವಿಶ್ರಾಂತಿ ಸರಿಯಾಗಿ ಸಿಗದ ಜೋಡಿ, ಬೊಜ್ಜು ಬಂದ ಹೆಣ್ಣು, ಇವೆಲ್ಲ ಮಾಮೂಲಿ ಕಾರಣಗಳು. ಒಂದು ವರ್ಷ ನಾಲ್ಕು ಜೊಳ್ಳು ಬಂದರೆ ಗಾಬರಿ ಬೇಡ. ಅದೇ ಜೋಡಿ ಮೂರು ವರ್ಷ ಸಾಲಾಗಿ ಅರ್ಧಕ್ಕರ್ಧ ಜೊಳ್ಳು ಕೊಟ್ಟರೆ, ಆ ಎರಡೂ ಹಾವು ಬೇರೆ ಜೋಡಿಯಲ್ಲಿ ಚೆನ್ನಾಗಿದ್ದರೆ, ಆಗ ಸಂಬಂಧದ ಕಡೆ ನೋಡಿ.

ಚೆನ್ನಾಗಿ ಕಾಣುವ ಮೊಟ್ಟೆಗಳನ್ನು ಒಂದೆರಡು ವಾರದ ಮೇಲೆ ಕತ್ತಲಲ್ಲಿ ಚಿಕ್ಕ ಟಾರ್ಚ್ ಹಿಡಿದು ನೋಡಿ. ಕೆಂಪು ನರಗಳ ಬಲೆ ಕಂಡರೆ ಜೀವ ಇದೆ. ಮುಂದೆ ಮೊಟ್ಟೆ ಕೆಟ್ಟರೆ ಸುಮ್ನೆ ಎಸೆಯಬೇಡಿ, ತೆರೆದು ನೋಡಿ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ನೋಡಿ. ಎಷ್ಟು ಬೆಳೆದು ಸತ್ತಿದೆ, ಕಣ್ಣು ಎರಡೂ ಇವೆಯಾ, ದವಡೆ ಸರಿ ಇದೆಯಾ, ಬೆನ್ನು ನೇರ ಇದೆಯಾ ಅಂತ ಬರೆದಿಡಿ. ಒಂದೇ ರೀತಿಯ ಊನ ಪ್ರತಿ ವರ್ಷ ಬಂದರೆ ಅದು ಹವಾಮಾನದ ಆಟವಲ್ಲ.

ಸಂಬಂಧದ ಲೆಕ್ಕ

ನಮ್ಮ ಕಡೆ ಇದನ್ನು ವಿವರಿಸುವುದು ಕಷ್ಟವಲ್ಲ. ಸೋದರಿಕೆಯ ಮದುವೆ ನಮಗೆ ಹೊಸದಲ್ಲ. ಮರಿಗೆ ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ಜೀನ್ ಬರುತ್ತದೆ. ಆ ಎರಡೂ ಒಬ್ಬನೇ ಹಿರೀಕನ ಒಂದೇ ಪ್ರತಿಯ ನಕಲಾಗಿರುವ ಸಾಧ್ಯತೆ ಎಷ್ಟು ಅನ್ನುವುದೇ ಲೆಕ್ಕ. ಅತ್ತೆ ಮಗಳು, ಮಾವನ ಮಗ ಮದುವೆಯಾದರೆ ಮಕ್ಕಳಲ್ಲಿ ಅದು 6.25%. ಸೋದರಮಾವ, ಅಕ್ಕನ ಮಗಳು ಆದರೆ 12.5%. ಒಡಹುಟ್ಟಿದವರು, ಇಲ್ಲವೇ ತಂದೆ ಮತ್ತು ಮಗಳು ಆದರೆ 25%.

ಹಾವಿನ ವ್ಯಾಪಾರದಲ್ಲಿ ಈ 25% ದಿನನಿತ್ಯದ ಮಾತು. ಹೊಸ ಬಣ್ಣದ ಒಂದು ಗಂಡು ಸಿಕ್ಕಿತು ಅಂದುಕೊಳ್ಳಿ. ಆ ಬಣ್ಣ ಕಾಣಲು ಜೀನಿನ ಎರಡು ಪ್ರತಿ ಬೇಕು. ಮಾಮೂಲಿ ಹೆಣ್ಣಿಗೆ ಕೂಡಿಸಿದರೆ ಮರಿಗಳಲ್ಲಿ ಬಣ್ಣ ಅಡಗಿರುತ್ತದೆ. ಅದನ್ನು ಹೊರತರಲು ಮಗಳನ್ನು ಅಪ್ಪನಿಗೇ ಕೂಡಿಸುತ್ತಾರೆ, ಇಲ್ಲವೇ ಅಣ್ಣ ತಂಗಿಯನ್ನು ಕೂಡಿಸುತ್ತಾರೆ. ಒಡಹುಟ್ಟಿದವರನ್ನೇ ಎರಡು ತಲೆಮಾರು ಕೂಡಿಸಿದರೆ 37.5%, ಮೂರು ತಲೆಮಾರಿಗೆ 50%. ಬಣ್ಣದ ಜೀನನ್ನು ಎರಡು ಪ್ರತಿ ಮಾಡಲು ಹೋಗಿ, ಜೊತೆಗೆ ಅಡಗಿ ಕೂತಿರುವ ಕೆಟ್ಟ ಜೀನುಗಳನ್ನೂ ಎರಡು ಪ್ರತಿ ಮಾಡುತ್ತೇವೆ, ಅಲ್ವಾ?

ಹಾವುಗಳು ಇದನ್ನು ಬಹಳ ತಲೆಮಾರು ತಡೆದುಕೊಳ್ಳುತ್ತವೆ ಅನ್ನುವ ಮಾತು ಚಾಲ್ತಿಯಲ್ಲಿದೆ. ಕೆಲವು ತಳಿಗಳು ನಿಜಕ್ಕೂ ತಡೆದುಕೊಂಡಿವೆ. ಆದರೆ ತಡೆದುಕೊಂಡವು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತವೆ. ನಿಂತುಹೋದ ಸಾಲುಗಳ ಬಗ್ಗೆ ಯಾರೂ ಜಾಹೀರಾತು ಹಾಕುವುದಿಲ್ಲ.

ಬಿಡಿ, ನನ್ನ ಜೋಡಿಗೆ ಬರೋಣ. ಹೆಣ್ಣನ್ನು ಒಬ್ಬರಿಂದ, ಗಂಡನ್ನು ಪಕ್ಕದ ರಾಜ್ಯದ ಇನ್ನೊಬ್ಬರಿಂದ ಕೊಂಡಿದ್ದೆ. ‘ಸಂಬಂಧವೇ ಇಲ್ಲ’ ಎಂದಿದ್ದರು. ನಾನೂ ನಂಬಿದ್ದೆ. ಇಬ್ಬರಿಗೂ ಫೋನ್ ಮಾಡಿ, ಅವರು ಯಾರಿಂದ ತಂದರು ಅಂತ ಕೇಳುತ್ತಾ ಹೋದೆ. ಎರಡೂ ದಾರಿ ಒಂದೇ ಮನೆಗೆ ಹೋಗಿ ನಿಂತವು. ಎರಡಕ್ಕೂ ಅಜ್ಜ ಒಂದೇ ಗಂಡು, ಅಜ್ಜಿಯರು ಬೇರೆ. ಲೆಕ್ಕ ಹಾಕಿದರೆ ಮರಿಗಳಲ್ಲಿ ಬರೀ 3% ಚಿಲ್ಲರೆ. ಕಾಗದದ ಮೇಲೆ ಇದು ಏನೂ ಅಲ್ಲ. ಆದರೆ ಆ ಅಜ್ಜನಲ್ಲಿ ಒಂದು ಕೆಟ್ಟ ಜೀನ್ ಅಡಗಿದ್ದರೆ, ಅದು ಮೊಮ್ಮಗಳಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊಮ್ಮಗನಿಗೂ ಅಷ್ಟೇ. ಎರಡಕ್ಕೂ ಬರುವ ಸಾಧ್ಯತೆ 16ರಲ್ಲಿ ಒಂದು. ಅದು ನನ್ನ ಮನೆಯಲ್ಲಿ ಆಯಿತು.

ಕೊಳ್ಳುವಾಗ ಬೇರೆ ಅಂಗಡಿ, ಬೇರೆ ಬಣ್ಣ ನೋಡಿ ಬೇರೆ ರಕ್ತ ಅಂದುಕೊಳ್ಳಬೇಡಿ. ನಾನಿರುವ ಉತ್ತರ ಕೆರೊಲಿನಾದಲ್ಲೇ 1953ರಲ್ಲಿ ಕಪ್ಪು ಬಣ್ಣವೇ ಇಲ್ಲದ ಒಂದು ಕಾರ್ನ್ ಹಾವು ಸಿಕ್ಕಿತು. 1961ರಲ್ಲಿ ಅದರ ವಂಶದಿಂದ ಅದೇ ಬಣ್ಣದ ಮರಿಗಳು ಸಾಕಣೆಯಲ್ಲಿ ಹುಟ್ಟಿದವು. ಇಂದು ಮಾರಾಟವಾಗುವ ಕೆಂಪು-ಬಿಳಿ ಕಾರ್ನ್ ಹಾವುಗಳಲ್ಲಿ ಬಹಳಷ್ಟರ ಬೇರು ಆ ಒಂದು ಹಾವಿನ ತನಕ ಹೋಗುತ್ತದೆ.

ತಲೆ ತಿರುಗುವುದು

ಆ ಮೂರು ಮರಿಗಳ ಲಕ್ಷಣಕ್ಕೆ ಕಾರ್ನ್ ಹಾವು ಸಾಕುವವರಲ್ಲಿ ‘ಸ್ಟಾರ್‌ಗೇಜರ್’ ಅಂತ ಹೆಸರಿದೆ. ನಕ್ಷತ್ರ ನೋಡುವಂತೆ ತಲೆ ಎತ್ತುತ್ತವೆ ಅಂತ. ಸಮತೋಲ ತಪ್ಪುವ ಈ ದೋಷ ಮೊದಲು ಬೆಳಕಿಗೆ ಬಂದದ್ದು ಸನ್‌ಕಿಸ್ಡ್ ಎಂಬ ಬಣ್ಣದ ಸಾಲಿನಲ್ಲಿ. ಬಣ್ಣದ ಜೀನ್ ಬೇರೆ, ಈ ಜೀನ್ ಬೇರೆ. ಒಂದೇ ಸಾಲಿನಲ್ಲಿ ಜೊತೆಯಾಗಿ ಬಂದವು ಅಷ್ಟೇ. ಎರಡು ಪ್ರತಿ ಬಂದರೆ ಮಾತ್ರ ರೋಗ ಕಾಣುತ್ತದೆ. ಒಂದು ಪ್ರತಿ ಇರುವ ಹಾವು ನೋಡಲು ಪೂರ್ತಿ ಆರೋಗ್ಯ.

ತಲೆ ತಿರುಗಿಸುವ ಎಲ್ಲ ಹಾವೂ ಇದೇ ಅಲ್ಲ. ಕೀಟನಾಶಕ ತಾಗಿದರೆ, ಬಿಸಿ ಹೊಡೆದರೆ, ತಲೆಗೆ ಪೆಟ್ಟಾದರೆ, ಬೋವಾ ಮತ್ತು ಪೈಥಾನ್‌ಗಳಲ್ಲಿ ಕೆಲವು ವೈರಸ್ ತಗುಲಿದರೆ ಇದೇ ಲಕ್ಷಣ ಬರುತ್ತದೆ. ಹಾಗಾದರೆ ಕೇಳಬೇಕಾದ್ದು: ಹುಟ್ಟಿನಿಂದ ಇದೆಯಾ? ಅದೇ ಕೋಣೆಯ ಬೇರೆ ಹಾವುಗಳು ಸರಿ ಇವೆಯಾ? ಕಂತಿನಲ್ಲಿ ಸುಮಾರು ಕಾಲು ಭಾಗಕ್ಕೆ ಇದೆಯಾ? ನನ್ನಲ್ಲಿ 11ಕ್ಕೆ 3. ಮೂರಕ್ಕೂ ಉತ್ತರ ಹೌದು. ಅಮೆರಿಕದಲ್ಲಿ ಈಗ ಹಾವು ಬಿಟ್ಟ ಪೊರೆಯ ತುಂಡು ಕಳಿಸಿದರೆ ಈ ಜೀನನ್ನು ಪರೀಕ್ಷೆ ಮಾಡಿಕೊಡುತ್ತಾರೆ. ಚುಚ್ಚುವ ಕೆಲಸವೇ ಇಲ್ಲ. ಅಪ್ಪ ಅಮ್ಮ ಎರಡರ ಪೊರೆಯನ್ನೂ ಕಳಿಸಿದೆ. ಎರಡೂ ಒಂದೊಂದು ಪ್ರತಿ ಹೊತ್ತಿದ್ದವು.

ಪರೀಕ್ಷೆ ಇಲ್ಲದ ಜೀನಾದರೆ ಕಂತುಗಳನ್ನೇ ಎಣಿಸಬೇಕು. ಅಲ್ಲಿ ಎಚ್ಚರ ಬೇಕು. ಎರಡೂ ಹಾವು ಕೆಟ್ಟ ಜೀನ್ ಹೊತ್ತಿದ್ದರೂ, ಬರೀ 8 ಮರಿ ಹುಟ್ಟಿದರೆ ಒಂದರಲ್ಲೂ ಅದು ಕಾಣದಿರುವ ಸಾಧ್ಯತೆ 10%. 12 ಮರಿಯಾದರೆ 3%. ಬಾಲ್ ಪೈಥಾನ್ ಇಡುವುದೇ ಸಾಮಾನ್ಯವಾಗಿ ಆರರ ಆಸುಪಾಸು. ಅಂಥ ಒಂದು ಕಂತು ಚೆನ್ನಾಗಿ ಬಂದರೆ ಏನೂ ಸಾಬೀತಾಗುವುದಿಲ್ಲ.

ಬಾಲ್ ಪೈಥಾನ್ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಸ್ಪೈಡರ್ ಎಂಬ ಬಣ್ಣದ ಹಾವುಗಳ ತಲೆ ನಡುಗುತ್ತದೆ. ಕೆಲವಕ್ಕೆ ಕಡಿಮೆ, ಕೆಲವಕ್ಕೆ ಇಲಿಯನ್ನು ಗುರಿ ಇಟ್ಟು ಹಿಡಿಯಲಾಗದಷ್ಟು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅವುಗಳ ಒಳಕಿವಿಯ ರಚನೆಯೇ ಊನವಾಗಿರುವುದನ್ನು ತೋರಿಸಿತು. ಇದು ಇನ್‌ಬ್ರೀಡಿಂಗ್‌ನ ದೋಷವಲ್ಲ. ಒಂದು ಪ್ರತಿ ಸಾಕು, ನಡುಕ ಬರುತ್ತದೆ. ಎಷ್ಟು ದೂರದ ರಕ್ತ ತಂದು ಕೂಡಿಸಿದರೂ, ಆ ಬಣ್ಣ ಬಂದ ಮರಿಗೆ ನಡುಕವೂ ಬರುತ್ತದೆ. ಇದಕ್ಕೆ ಒಂದೇ ಪರಿಹಾರ, ಆ ಬಣ್ಣವನ್ನು ಹುಟ್ಟಿಸದಿರುವುದು. ನಾನು ಸ್ಪೈಡರ್ ಕೊಳ್ಳುವುದಿಲ್ಲ, ಕೂಡಿಸುವುದಿಲ್ಲ.

ಗಂಡು ಬದಲಾಯಿಸಿ ನೋಡುವುದು

ಪೊರೆ ಪರೀಕ್ಷೆಯಲ್ಲಿ ಸಿಗದ ದೋಷಗಳೇ ಜಾಸ್ತಿ. ಮರಿ ಸಣ್ಣಗೆ ಹುಟ್ಟುವುದು, ಊಟ ಹಿಡಿಯದಿರುವುದು, ಮೊಟ್ಟೆ ಕಡಿಮೆಯಾಗುತ್ತಾ ಬರುವುದು, ಇವಕ್ಕೆ ಒಂದು ಜೀನ್ ಅಂತ ಇರುವುದಿಲ್ಲ. ಅಲ್ಲಿ ಉಳಿಯುವ ದಾರಿ ಇದು. ಅದೇ ಹೆಣ್ಣು, ಅದೇ ಪೆಟ್ಟಿಗೆ, ಅದೇ ಬಿಸಿ, ಗಂಡು ಮಾತ್ರ ಬೇರೆ. ಸಾಧ್ಯವಾದರೆ ಹಳೆಯ ಗಂಡನ್ನು ಬೇರೆ ಹೆಣ್ಣಿಗೂ ಕೂಡಿಸಿ. ಎರಡೂ ಕಡೆ ಮರಿಗಳು ಗಟ್ಟಿಯಾಗಿ ಬಂದರೆ, ತಪ್ಪು ಇದ್ದದ್ದು ಆ ಎರಡರ ಸಂಬಂಧದಲ್ಲಿ.

ಇಲ್ಲೊಂದು ಬಲೆ ಇದೆ. ಹೆಣ್ಣು ಹಾವು ಗಂಡಿನ ವೀರ್ಯವನ್ನು ಹೊಟ್ಟೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಅಮೆರಿಕದ ಡೈಮಂಡ್‌ಬ್ಯಾಕ್ ರ‍್ಯಾಟಲ್ ಹಾವೊಂದು ಐದು ವರ್ಷಕ್ಕೂ ಹೆಚ್ಚು ಕಾಲ ಕೂಡಿಟ್ಟು ಮರಿ ಹಾಕಿದ್ದು ದಾಖಲಾಗಿದೆ. ಹಾಗಾಗಿ ನೀವು ಹೊಸ ಗಂಡು ಬಿಟ್ಟ ವರ್ಷವೂ ಮರಿಗಳ ಅಪ್ಪ ಹಳೆಯದೇ ಆಗಿರಬಹುದು. ಗಂಡು ಬದಲಾಯಿಸಿದರೂ ದೋಷ ಹೋಗಲಿಲ್ಲ ಅಂತ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಇದಕ್ಕೆ ಬಣ್ಣವೇ ಸಾಕ್ಷಿ ಹೇಳುವಂತೆ ಮಾಡಬಹುದು. ಹೆಣ್ಣು, ಹಳೆಯ ಗಂಡು ಎರಡೂ ಕಪ್ಪಿಲ್ಲದವು ಅಂದುಕೊಳ್ಳಿ. ಹೊಸ ಗಂಡು ಕಾಡಿನ ಬಣ್ಣದ್ದು, ಆ ಜೀನ್ ಅದರಲ್ಲಿ ಇಲ್ಲ ಅಂತ ಖಚಿತವಾಗಿರಲಿ. ಅದರ ಮರಿಗಳೆಲ್ಲ ಕಾಡಿನ ಬಣ್ಣದಲ್ಲೇ ಹುಟ್ಟಬೇಕು. ಕಪ್ಪಿಲ್ಲದ ಮರಿ ಬಂದರೆ ಅದರ ಅಪ್ಪ ಹಳೆಯ ಗಂಡು. ಎರಡು ಗುಂಪನ್ನು ಬೇರೆ ಬೇರೆ ಬರೆದಿಡಿ. ಒಂದೇ ಕಂತಿನಲ್ಲಿ ಎರಡು ಅಪ್ಪಂದಿರ ಮರಿಗಳು ಸಿಕ್ಕರೆ ಅದಕ್ಕಿಂತ ಒಳ್ಳೆಯ ಹೋಲಿಕೆ ಇನ್ನೊಂದಿಲ್ಲ.

ಅಪರೂಪಕ್ಕೆ ಅಪ್ಪನೇ ಇಲ್ಲದೆಯೂ ಮರಿ ಬರುತ್ತದೆ. ತುಂಬಾ ಜೊಳ್ಳು, ಒಂದೆರಡು ಬಡಕಲು ಮರಿ. ಕಾರ್ನ್ ಹಾವಿನ ಕಡೆಯವಾದರೆ ಅವು ಗಂಡು, ಬೋವಾ ಮತ್ತು ಪೈಥಾನ್ ಆದರೆ ಹೆಣ್ಣು. ಇಂಥ ಮರಿಯಲ್ಲಿ ಜೀನಿನ ವೈವಿಧ್ಯ ಬಹುತೇಕ ಇರುವುದೇ ಇಲ್ಲ. ಅದನ್ನು ಮುಂದಿನ ಜೋಡಿಗೆ ಬಳಸಬೇಡಿ.

ಹೊಸ ರಕ್ತ ತರುವಾಗ

ನಮ್ಮ ತಾತ ಕುರಿ ಸಾಕಿದ್ದರು. ಎರಡು ಮೂರು ವರ್ಷಕ್ಕೊಮ್ಮೆ ಟಗರನ್ನು ಬೇರೆ ಊರಿನವರ ಜೊತೆ ಬದಲಾಯಿಸುತ್ತಿದ್ದರು. ಮಗಳ ಮೇಲೆ ಅಪ್ಪ ಹೋಗಬಾರದು ಅಂತ. ಹಾವಿಗೂ ಇದೇ ಮದ್ದು, ಮತ್ತು ಇದು ಬೇಗ ಕೆಲಸ ಮಾಡುವ ಮದ್ದು. ನಿಜವಾಗಿ ಸಂಬಂಧವಿಲ್ಲದ ಗಂಡು ಬಂದರೆ, ಎಷ್ಟೇ ಒಳಸಂಬಂಧದ ಹೆಣ್ಣಾದರೂ, ಆ ಮರಿಗಳ ಲೆಕ್ಕ ಒಂದೇ ತಲೆಮಾರಿಗೆ ಸೊನ್ನೆಗೆ ಬರುತ್ತದೆ.

ಸ್ವೀಡನ್ನಿನ ದಕ್ಷಿಣ ತುದಿಯ ಸ್ಮೀಗೆಹುಕ್‌ನಲ್ಲಿ ಇದು ಕಾಡಿನ ಹಾವುಗಳಲ್ಲೇ ನಡೆದಿದೆ. ಅಲ್ಲಿನ ಆಡರ್ ಎಂಬ ವಿಷದ ಹಾವುಗಳ ಗುಂಪು ಬೇರೆ ಗುಂಪುಗಳಿಂದ ಕಡಿದುಹೋಗಿ, ಸತ್ತ ಮರಿ, ಊನದ ಮರಿ ಹೆಚ್ಚಾಗಿ, ಅಳಿಯುವ ಹಂತಕ್ಕೆ ಬಂದಿತ್ತು. 1992ರಲ್ಲಿ ಬೇರೆ ಕಡೆಯಿಂದ 20 ಗಂಡು ಹಾವು ತಂದು ಕೆಲವು ವರ್ಷ ಅಲ್ಲಿ ಬಿಟ್ಟರು. ದಶಕ ಕಳೆಯುವ ಹೊತ್ತಿಗೆ ಎಳೆಯ ಹಾವುಗಳು ಹೆಚ್ಚಿ ಗುಂಪು ಚೇತರಿಸಿಕೊಂಡಿತು. ಔಷಧಿ ಏನೂ ಬೇಕಾಗಲಿಲ್ಲ, ಗಂಡು ಬಂದದ್ದೇ ಸಾಕಾಯಿತು.

ಆದರೆ ಸ್ಟಾರ್‌ಗೇಜರ್‌ನಂಥ ಒಂದು ಜೀನಿನ ದೋಷಕ್ಕೆ ಹೊಸ ರಕ್ತ ಪರಿಹಾರವಲ್ಲ, ಅದು ಬರೀ ಮುಸುಕು. ಮರಿಗಳೆಲ್ಲ ಚೆನ್ನಾಗಿ ಕಾಣುತ್ತವೆ. ಅರ್ಧದಷ್ಟು ಮರಿಗಳು ಜೀನನ್ನು ಹೊತ್ತು ಬೇರೆ ಮನೆಗಳಿಗೆ ಹೋಗುತ್ತವೆ. ಅಲ್ಲಿ ಅದು ಮತ್ತೆ ಎದ್ದು ಕೂರುತ್ತದೆ. ಪರೀಕ್ಷೆ ಮಾಡಿಸದೆ ಆ ಮರಿಗಳನ್ನು ಜೋಡಿಗಾಗಿ ಮಾರುವುದು ತಪ್ಪು ಅನ್ನುವುದು ನನ್ನ ಖಚಿತ ಮಾತು.

ಗಂಡುಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಒಂದು ಗಂಡು, ಎಂಟು ಹೆಣ್ಣು ಇಟ್ಟರೆ ಒಂಬತ್ತು ಹಾವು ಅಂತ ಖುಷಿಪಡುತ್ತೇವೆ. ವೈವಿಧ್ಯದ ದೃಷ್ಟಿಯಿಂದ ಅದು ಮೂರೂವರೆ ಹಾವಿಗೆ ಸಮ. ಪ್ರತಿ ತಲೆಮಾರಿಗೆ ಸುಮಾರು 14% ವೈವಿಧ್ಯ ಸೋರಿಹೋಗುತ್ತದೆ. ನಾಲ್ಕು ಗಂಡು, ನಾಲ್ಕು ಹೆಣ್ಣು ಆದರೆ ಹಾವು ಒಂದು ಕಡಿಮೆ, ಸೋರುವುದು ಬರೀ 6%. ಮೃಗಾಲಯಗಳು ವಂಶಾವಳಿ ಪುಸ್ತಕ ಇಟ್ಟುಕೊಂಡು, 100 ವರ್ಷದಲ್ಲಿ 90% ವೈವಿಧ್ಯ ಉಳಿಯಲಿ ಅನ್ನುವ ಗುರಿ ಹಾಕಿಕೊಳ್ಳುವುದು ಇಂಥ ಲೆಕ್ಕದ ಮೇಲೆಯೇ.

ದೂರದ ರಕ್ತ ಅಂತ ಜಾತಿಯನ್ನೇ ಬೆರೆಸಬೇಡಿ. ಇದಕ್ಕೆ ನಮ್ಮ ಊರಿನ ಉದಾಹರಣೆಯೇ ಇದೆ. ಕಾಳಿಂಗ ಸರ್ಪ ಒಂದೇ ಜಾತಿ ಅಂದುಕೊಂಡಿದ್ದೆವು. 2024ರಲ್ಲಿ ಅದನ್ನು ನಾಲ್ಕು ಜಾತಿ ಅಂತ ವಿಂಗಡಿಸಿದರು. ಪಶ್ಚಿಮ ಘಟ್ಟದ್ದಕ್ಕೆ ನಮ್ಮ ಕನ್ನಡದ ಹೆಸರನ್ನೇ ಇಟ್ಟು ಓಫಿಯೋಫೇಗಸ್ ಕಾಳಿಂಗ ಅಂದರು. ಘಟ್ಟದ ಹೆಣ್ಣಿಗೆ ಈಶಾನ್ಯದ ಗಂಡನ್ನು ತಂದು ‘ಹೊಸ ರಕ್ತ’ ಅಂದರೆ, ಉಳಿಸಬೇಕಾದ ತಳಿಯನ್ನೇ ಕೆಡಿಸಿದಂತೆ. ಎಲ್ಲಿಯ ಹಾವು ಅನ್ನುವುದು ಗೊತ್ತಿಲ್ಲದೆ ಸಂರಕ್ಷಣೆಯ ಜೋಡಿ ಹಾಕಲಾಗುವುದಿಲ್ಲ.

ಹೊಸ ಗಂಡು ಬಂದ ಮೇಲೆ ಮೂರು ತಿಂಗಳು ಬೇರೆ ಕೋಣೆಯಲ್ಲಿಡಿ. ಮೈಮೇಲಿನ ಉಣ್ಣಿ, ಹೊಟ್ಟೆಯ ಪರಾವಲಂಬಿ, ಉಸಿರಾಟದ ಸೋಂಕು ಇಲ್ಲ ಅಂತ ಪಶುವೈದ್ಯರಿಂದ ಖಚಿತ ಮಾಡಿಕೊಳ್ಳಿ.

ನಮ್ಮ ಮನೆಯ ಕಥೆ ಹೀಗೆ ಮುಂದುವರಿಯಿತು. ಹೀಟರನ್ನು ಗೋಡೆಯಿಂದ ತೆಗೆದು, ಪೆಟ್ಟಿಗೆಯೊಳಗೆ ಚಿಕ್ಕ ಫ್ಯಾನ್ ಹಾಕಿದೆ. ಈಗ ಮೂಲೆಯಿಂದ ಮೂಲೆಗೆ ಅರ್ಧ ಡಿಗ್ರಿಯೂ ವ್ಯತ್ಯಾಸವಿಲ್ಲ. ಆಮೇಲೆ ಸೊಟ್ಟ ಬೆನ್ನು ಬಂದಿಲ್ಲ. ತಲೆ ತಿರುಗಿಸುವ ಮೂರರಲ್ಲಿ ಎರಡು ಊಟ ಹಿಡಿಯಲಾಗದೆ ನರಳಿದವು, ವೈದ್ಯರ ಕೈಯಲ್ಲಿ ನೋವಿಲ್ಲದೆ ಕಳಿಸಿಕೊಟ್ಟೆ. ಮೂರನೆಯದು ಇನ್ನೂ ನನ್ನ ಜೊತೆ ಇದೆ. ತಗ್ಗು ಪೆಟ್ಟಿಗೆ, ಏರಲು ಕೊಂಬೆ ಇಲ್ಲ, ಸತ್ತ ಇಲಿಯನ್ನು ಬಾಯಿಯ ಹತ್ತಿರವೇ ಹಿಡಿಯುತ್ತೇನೆ.

ಪರೀಕ್ಷೆಯ ಫಲಿತಾಂಶ ಬರುವ ಮುಂಚೆಯೇ ಅದೇ ಜೋಡಿಯ ಹಿಂದಿನ ವರ್ಷದ ಆರು ಮರಿಗಳನ್ನು ಮಾರಿಬಿಟ್ಟಿದ್ದೆ. ಪುಸ್ತಕದಲ್ಲಿ ಹೆಸರು, ನಂಬರ್ ಇದ್ದವು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ನಾಲ್ವರು ಸಿಕ್ಕರು, ನಾಲ್ವರ ಹಾವಿನ ಪೊರೆಯನ್ನೂ ನನ್ನ ಖರ್ಚಿನಲ್ಲಿ ಪರೀಕ್ಷೆಗೆ ಕಳಿಸಿದೆ. ಮೂರು ಹಾವು ಜೀನನ್ನು ಹೊತ್ತಿದ್ದವು. ಇನ್ನಿಬ್ಬರ ನಂಬರ್ ಬದಲಾಗಿದೆ. ಆ ಎರಡು ಹಾವುಗಳನ್ನು ಇನ್ನೂ ಹುಡುಕುತ್ತಿದ್ದೇನೆ.